ಮಾತ್ರೆ ನುಂಗಿದ ಮೇಲೆ ಮೈಮೇಲೆ ಏಳುವ ಗುಳ್ಳೆ: ಯಾವುದಕ್ಕೆ ಹೆದರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಲ್ಲುವವರಿಗೆ ಈ ಪ್ರಶ್ನೆಗಳು ಹೊಸದಲ್ಲ. ಅಂಗಡಿಗೆ ಬಂದು ಕೇಳಿದ್ದು, ಫೋನಲ್ಲಿ ಕೇಳಿದ್ದು, ರಾತ್ರಿ ಹತ್ತು ಗಂಟೆಗೆ ಫೋಟೋ ಕಳಿಸಿ "ಇದೇನಣ್ಣ, ನೋಡಿ ಹೇಳಿ" ಅಂದಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ನೀವೂ ಇದನ್ನು ಓದಿ ಕಾಯಿಲೆಗೆ ಹೆಸರಿಡಬೇಕಾಗಿಲ್ಲ. ಯಾವಾಗ ಸುಮ್ನೆ ಕಾಯಬಹುದು, ಯಾವಾಗ ಎದ್ದು ಓಡಬೇಕು ಅಂತ ಗೊತ್ತಾದರೆ ಸಾಕು.

ಈಗಲೇ ಮನೆಯಲ್ಲಿ ಯಾರಿಗಾದರೂ ಜ್ವರದ ಜೊತೆ ಚರ್ಮ ಉರಿಯುತ್ತಿದ್ದರೆ, ಬಾಯಿ ಅಥವಾ ಕಣ್ಣು ಹುಣ್ಣಾಗಿದ್ದರೆ, ಚರ್ಮ ಸುಲಿಯುತ್ತಿದ್ದರೆ ಇದನ್ನು ಪೂರ್ತಿ ಓದುತ್ತಾ ಕೂರಬೇಡಿ. ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು 108ಕ್ಕೆ ಫೋನ್ ಮಾಡಿ.

## ಮೊದಮೊದಲ ಪ್ರಶ್ನೆಗಳು

ಮಾತ್ರೆ ತಗೊಂಡ ಮೇಲೆ ಮೈಯೆಲ್ಲ ಕೆಂಪಗಾಗಿ ಕೆರೆತ ಬಂದಿದೆ. ಡೇಂಜರ್ರಾ?

ಬಹಳಷ್ಟು ಸಲ ಅಲ್ಲ. ಮಾತ್ರೆಯಿಂದ ಬರುವ ದದ್ದುಗಳಲ್ಲಿ ಹೆಚ್ಚಿನವು ದಡಾರದ ಥರ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಮಾತ್ರೆ ಶುರು ಮಾಡಿ ಒಂದೆರಡು ವಾರದೊಳಗೆ ಎದೆ, ಬೆನ್ನಿನ ಮೇಲೆ ಏಳುತ್ತವೆ, ಕೆರೆಯುತ್ತವೆ, ಮಾತ್ರೆ ನಿಲ್ಲಿಸಿದರೆ ಇಳಿಯುತ್ತವೆ. ಡಾಕ್ಟರಿಗೆ ತೋರಿಸಬೇಕು, ಆದರೆ ರಾತ್ರೋರಾತ್ರಿ ಓಡಬೇಕಾಗಿಲ್ಲ.

ಇನ್ನೊಂದು ನಮ್ಮ ಕಡೆ ಪಿತ್ತದ ಗಂಧೆ ಅನ್ನುತ್ತೇವಲ್ಲ, ಅದು. ಊದಿಕೊಂಡ ಪಟ್ಟೆ, ವಿಪರೀತ ಕೆರೆತ, ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ಇದು ಮಾತ್ರೆ ನುಂಗಿದ ಅಥವಾ ಇಂಜೆಕ್ಷನ್ ಹಾಕಿಸಿಕೊಂಡ ನಿಮಿಷಗಳಲ್ಲೇ, ಇಲ್ಲ ಗಂಟೆಗಳಲ್ಲಿ ಬರಬಹುದು. ಬರೀ ಗಂಧೆ ಆದರೆ ಗಾಬರಿ ಬೇಡ. ಆದರೆ ಜೊತೆಗೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ಆ ಕ್ಷಣದ ತುರ್ತು. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ ಹೋಗಿ ಅಡ್ರಿನಲಿನ್ ಇಂಜೆಕ್ಷನ್ ಹಾಕಿಸಬೇಕು. ದೊಡ್ಡ ಆಸ್ಪತ್ರೆಯೇ ಬೇಕು ಅಂತ ದಾರಿಯಲ್ಲಿ ಹೊತ್ತು ಕಳೆಯಬಾರದು.

ಕೆಳಗೆ ಹೇಳುವುದೆಲ್ಲ ಇವೆರಡನ್ನೂ ಬಿಟ್ಟು ಮೂರನೇ ಥರದ್ದು. ಅಪರೂಪ, ನಿಧಾನವಾಗಿ ಬರುತ್ತದೆ, ಅದಕ್ಕೇ ಮೋಸ ಮಾಡುತ್ತದೆ.

ಹಾಗಾದ್ರೆ ಹೆದರಬೇಕಾದ ಗುರುತು ಯಾವುದು? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಅಂದರೆ: ಕೆರೆತಕ್ಕಿಂತ ನೋವು ಜಾಸ್ತಿ ಇದ್ದರೆ ಹೆದರಿ.

ಇನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈ ಮುಟ್ಟಿದರೆ ಉರಿ, ಬಟ್ಟೆ ತಾಕಿದರೂ ನೋವು. ದದ್ದಿನ ಬಣ್ಣ ಬರೀ ಕೆಂಪಲ್ಲ, ನಡುವೆ ಕಪ್ಪಗೆ, ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣೋದೇ ಇಲ್ಲ, ಹಾಗಾಗಿ ಕಪ್ಪು ಕಲೆ ಥರ ಕಂಡರೂ ನೋವಿದೆಯಾ ಅಂತ ಕೇಳಿ. ಮೇಲೆ ನೀರುಗುಳ್ಳೆ, ಅಥವಾ ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದರೆ ಚರ್ಮ ಜಾರಿ ಬರುವುದು (ಇದನ್ನು ಪರೀಕ್ಷೆ ಮಾಡಿ ನೋಡಲು ಹೋಗಬೇಡಿ, ಡಾಕ್ಟರ್ ನೋಡುತ್ತಾರೆ). ಕಣ್ಣು ಕೆಂಪಗೆ, ಬೆಳಕು ನೋಡಲು ಆಗೋದಿಲ್ಲ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿ ಕಪ್ಪಗೆ ಕೂತಿರುತ್ತದೆ. ಮೂತ್ರ ಮಾಡುವಾಗ ಉರಿ, ಆ ಜಾಗದಲ್ಲೂ ಹುಣ್ಣು. ಇದನ್ನು ನಾಚಿಕೆಯಿಂದ ಯಾರೂ ತಾವಾಗಿ ಹೇಳೋದಿಲ್ಲ, ಮನೆಯವರೇ ಕೇಳಬೇಕು. ಬಾಯಿ, ಕಣ್ಣು, ಗುಪ್ತಾಂಗ, ಈ ಮೂರರಲ್ಲಿ ಎರಡು ಕಡೆ ಹುಣ್ಣು ಇದ್ದು, ಇತ್ತೀಚೆಗೆ ಹೊಸ ಮಾತ್ರೆ ಶುರುವಾಗಿದ್ದರೆ ನಾಳೆ ಬೆಳಿಗ್ಗೆ ಅಂತ ಕಾಯೋದು ಬೇಡ.

ಇನ್ನೊಂದು ಬೇರೆ ಜಾಡು: ಗುಳ್ಳೆಯೇ ಇರೋದಿಲ್ಲ, ಆದರೆ ಮುಖ ಊದಿಕೊಂಡಿರುತ್ತದೆ, ಬಿಡದ ಜ್ವರ, ಕುತ್ತಿಗೆ, ಕಂಕುಳಲ್ಲಿ ಗಡ್ಡೆ, ಮೈತುಂಬ ದದ್ದು, ಕೆಲವರಿಗೆ ಕಣ್ಣು ಹಳದಿ. ಇದೂ ಅಷ್ಟೇ ಗಂಭೀರ.

ಅಮ್ಮ ಆಗಿದೆ ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೀವಿ. ಈಗ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದಾ?

ಹೋಗಬಹುದು, ಹೋಗಲೇಬೇಕು. ನಂಬಿಕೆಯ ವಿಷಯದಲ್ಲಿ ನಾನು ವಾದ ಮಾಡೋದಿಲ್ಲ. ಅಮ್ಮನಿಗೆ ಹರಕೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿ, ಯಾರೂ ಬೇಡ ಅನ್ನೋದಿಲ್ಲ. ಆದರೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದಿದ್ದೆಲ್ಲ ಅಮ್ಮ ಅಲ್ಲ, ಮತ್ತು ಈ ಒಂದು ಗೊಂದಲದಲ್ಲಿ ಹೋಗುವ ಎರಡು ಮೂರು ದಿನಗಳೇ ಬಹಳ ಬೆಲೆಯುಳ್ಳವು.

ಸಿಡುಬಿನಂಥ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಾಗ ನೀರಿನ ಹನಿಯಂಥ ಬಿಡಿ ಬಿಡಿ ಗುಳ್ಳೆ ಕಂತು ಕಂತಾಗಿ ಏಳುತ್ತದೆ. ಒಂದು ಹೊಸದು, ಪಕ್ಕದ್ದು ಒಣಗಿ ಹಕ್ಕಳೆ ಕಟ್ಟಿರುತ್ತದೆ. ಕೆರೆತವೇ ಮುಖ್ಯ. ಮಾತ್ರೆಯಿಂದಾದ ಗಂಭೀರ ಗುಳ್ಳೆಯಲ್ಲಿ ಕಪ್ಪು ಕೆಂಪು ಕಲೆಗಳು ಒಂದಕ್ಕೊಂದು ಕೂಡಿಕೊಂಡು ಚರ್ಮ ಹಾಳೆಯಂತೆ ಏಳುತ್ತದೆ, ತುಟಿ ಬಾಯಿ ಪೂರ್ತಿ ಕೆಡುತ್ತದೆ. ದಡಾರದಲ್ಲಿ ಕಣ್ಣು ಕೆಂಪಾಗುವುದು ನಿಜ, ಆದರೆ ಅಲ್ಲಿ ಕೆಮ್ಮು, ನೆಗಡಿ ಜೋರಾಗಿರುತ್ತದೆ, ಚರ್ಮ ಹಾಳೆಯಾಗಿ ಸುಲಿಯೋದಿಲ್ಲ. ಅನುಮಾನ ಇದ್ದರೆ ಕೇಳಬೇಕಾದ್ದು ಒಂದೇ: ಕಳೆದ ಎರಡು ತಿಂಗಳಲ್ಲಿ ಹೊಸ ಮಾತ್ರೆ ಯಾವುದಾದರೂ ಶುರು ಮಾಡಿದ್ದಾರಾ?

ಬಾಯಿ ಹುಣ್ಣು ಉಷ್ಣಕ್ಕೆ ತಾನೆ ಬರೋದು? ಮಜ್ಜಿಗೆ ಕುಡಿದ್ರೆ ಸಾಕಲ್ವಾ?

ಒಂದೆರಡು ಹುಣ್ಣು, ಜ್ವರ ಇಲ್ಲ, ಮೈಮೇಲೆ ಏನೂ ಇಲ್ಲ ಅಂದರೆ ಮಜ್ಜಿಗೆ ಕುಡಿಯಿರಿ, ನನ್ನ ತಕರಾರಿಲ್ಲ. ಹೊಸ ಮಾತ್ರೆ ನಡೆಯುತ್ತಿರುವಾಗ ಜ್ವರ, ಗಂಟಲು ನೋವು, ಕಣ್ಣುರಿ ಬಂದು ಅದರ ಬೆನ್ನಿಗೇ ಬಾಯಿ ತುಂಬ ಹುಣ್ಣಾಗಿ ಎಂಜಲು ನುಂಗಲೂ ಆಗದಿದ್ದರೆ ಅದು ಉಷ್ಣ ಅಲ್ಲ.

## ಲೆಕ್ಕ ಹಾಕುವ ಪ್ರಶ್ನೆಗಳು

ಒಂದು ತಿಂಗಳಿಂದ ಅದೇ ಮಾತ್ರೆ ನುಂಗ್ತಿದ್ದಾರೆ, ಏನೂ ಆಗಿರಲಿಲ್ಲ. ನಿನ್ನೆ ತಗೊಂಡ ಜ್ವರದ ಮಾತ್ರೆಯಿಂದಲೇ ಆಗಿರಬೇಕು ಅಲ್ವಾ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಗಂಧೆ ತಕ್ಷಣ ಬರುತ್ತದೆ. ಈ ಗಂಭೀರ ಪ್ರತಿಕ್ರಿಯೆಗಳು ಹಾಗಲ್ಲ. ಚರ್ಮ ಸುಲಿಯುವ ಥರದ್ದು ಸಾಮಾನ್ಯವಾಗಿ ಮಾತ್ರೆ ಶುರು ಮಾಡಿದ 4ರಿಂದ 28 ದಿನಗಳ ನಡುವೆ ಬರುತ್ತದೆ. ಮುಖ ಊದಿ ಲಿವರ್‌ಗೆ ತಾಕುವ ಥರದ್ದು 2ರಿಂದ 8 ವಾರ ತೆಗೆದುಕೊಳ್ಳುತ್ತದೆ. ಯಾಕೆ ಇಷ್ಟು ತಡ ಅಂದರೆ, ನಮ್ಮದೇ ರಕ್ಷಣಾ ಕಣಗಳು ಆ ಔಷಧಿಯನ್ನು ಶತ್ರು ಅಂತ ತಪ್ಪಾಗಿ ತಿಳಿದು ಸೈನ್ಯ ಕಟ್ಟಿಕೊಂಡು ಬರಲು ಅಷ್ಟು ದಿನ ಬೇಕು. ಬಂದ ಮೇಲೆ ಅವು ಚರ್ಮದ ಕಣಗಳನ್ನೇ ಕೊಲ್ಲುತ್ತವೆ.

ಈಗ ನೋಡಿ ಏನಾಗುತ್ತದೆ. ಮೂರು ವಾರದ ಹಿಂದೆ ಫಿಟ್ಸ್ ಮಾತ್ರೆ ಶುರುವಾಗಿದೆ. ದದ್ದು ಏಳುವ ಒಂದರಿಂದ ಮೂರು ದಿನ ಮೊದಲೇ ಜ್ವರ, ಮೈಕೈ ನೋವು, ಗಂಟಲು ನೋವು ಬರುತ್ತದೆ, ಥೇಟ್ ಫ್ಲೂ ಥರ. ಮನೆಯವರು ಅಂಗಡಿಯಲ್ಲಿ ಪ್ಯಾರಾಸಿಟಮಾಲ್, ಜೊತೆಗೆ ಒಂದು ಆಂಟಿಬಯೋಟಿಕ್ ತಂದು ಕೊಡುತ್ತಾರೆ. ಮಾರನೇ ದಿನ ಗುಳ್ಳೆ. ಎಲ್ಲರ ಬೆರಳೂ ನಿನ್ನೆಯ ಮಾತ್ರೆ ಕಡೆಗೆ. ಅದನ್ನು ನಿಲ್ಲಿಸುತ್ತಾರೆ, ಫಿಟ್ಸ್ ಮಾತ್ರೆ ಮಾತ್ರ 'ಅದು ಮೊದಲಿಂದ ಇದ್ದದ್ದೇ' ಅಂತ ಮುಂದುವರಿಯುತ್ತದೆ. ನಿಜವಾದ ಕಾರಣ ಒಳಗೆ ಹೋಗುತ್ತಲೇ ಇರುತ್ತದೆ.

ಹಾಗಾಗಿ ಆಸ್ಪತ್ರೆಗೆ ಹೋಗುವಾಗ ನಿನ್ನೆಯ ಚೀಟಿ ಮಾತ್ರ ಸಾಲದು, ಎರಡು ತಿಂಗಳ ಲೆಕ್ಕ ಬೇಕು. ಯಾವ ಮಾತ್ರೆ ಯಾವ ತಾರೀಕು ಶುರುವಾಯಿತು, ಅಷ್ಟು ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ವರ್ಷಗಟ್ಟಲೆ ತಗೊಳ್ಳುತ್ತಿರುವ ಬಿಪಿ ಮಾತ್ರೆ, ಶುಗರ್ ಮಾತ್ರೆ ಸಾಮಾನ್ಯವಾಗಿ ಕಾರಣ ಆಗಿರೋದಿಲ್ಲ, ಆದರೂ ಪಟ್ಟಿಯಲ್ಲಿ ಇರಲಿ. ನಾಟಿ ಔಷಧಿ, ಕಷಾಯದ ಪುಡಿ, ಸಂತೆಯಲ್ಲಿ ತಂದ ಮಂಡಿ ನೋವಿನ ಗುಳಿಗೆ, ಅದನ್ನೂ ಬರೆಯಿರಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಅಂಗಡಿಯಲ್ಲಿ ಬಿಡಿ ಮಾತ್ರೆ ಪೊಟ್ಟಣದಲ್ಲಿ ಕಟ್ಟಿ ಕೊಟ್ರು, ಹೆಸರೇ ಗೊತ್ತಿಲ್ಲ. ಏನ್ ಮಾಡ್ಲಿ?

ಉಳಿದ ಮಾತ್ರೆಯನ್ನೇ ತಗೊಂಡು ಹೋಗಿ, ಕೊಟ್ಟವರಿಗೆ ಫೋನ್ ಮಾಡಿ ಹೆಸರು ಕೇಳಿ. ಮುಂದಿನ ಸಲ ಹೆಸರಿಲ್ಲದ ಮಾತ್ರೆ ತಗೊಳ್ಳಬೇಡಿ. ಬಿಳಿ ಒಂದು, ಹಳದಿ ಒಂದು, ಅರ್ಧ ಗುಲಾಬಿ ಅಂತ ಸೆಟ್ ಮಾಡಿ ಕೊಡುವ ಅಭ್ಯಾಸ ನನ್ನ ವೃತ್ತಿಯವರದ್ದೇ ಆದರೂ ಹೇಳುತ್ತೇನೆ, ಅದು ಕೆಟ್ಟದ್ದು. ಸ್ಟ್ರಿಪ್ ಕತ್ತರಿಸಿ ಕೊಟ್ಟರೂ ಹೆಸರಿರುವ ಭಾಗದ ಫೋಟೋ ಹೊಡೆದುಕೊಳ್ಳಿ.

ಸ್ಟೀವನ್ಸ್ ಜಾನ್ಸನ್, ಟೆನ್, ಡ್ರೆಸ್ ಅಂತೆಲ್ಲ ಬರೀತಾರಲ್ಲ, ಎಲ್ಲ ಒಂದೇನಾ?

ಮೊದಲೆರಡು ಒಂದೇ ಕಾಯಿಲೆಯ, ಅಂದರೆ ಮೇಲೆ ಹೇಳಿದ ಚರ್ಮ ಸುಲಿಯುವ ಥರದ್ದರ, ಚಿಕ್ಕದು ದೊಡ್ಡದು. 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಡಾಕ್ಟರುಗಳು ಇಬ್ಬರು ಹುಡುಗರಲ್ಲಿ ಕಂಡದ್ದನ್ನು ಬರೆದರು. 1956ರಲ್ಲಿ ಸ್ಕಾಟ್ಲೆಂಡಿನ ಲಯೆಲ್, ಬಿಸಿನೀರು ಬಿದ್ದು ಸುಟ್ಟಂತೆ ಕಾಣುವ ದೊಡ್ಡ ರೂಪವನ್ನು ವಿವರಿಸಿದರು. ಮೈಯ ಚರ್ಮದಲ್ಲಿ ಶೇಕಡ 10ಕ್ಕಿಂತ ಕಡಿಮೆ ಸುಲಿದಿದ್ದರೆ ಸ್ಟೀವನ್ಸ್ ಜಾನ್ಸನ್, 30ಕ್ಕಿಂತ ಜಾಸ್ತಿ ಆದರೆ ಟೆನ್, ನಡುವಿನದ್ದು ಎರಡರ ಬೆರಕೆ. ಶೇಕಡ 1 ಅಂದರೆ ರೋಗಿಯ ಅಂಗೈ, ಬೆರಳು ಸೇರಿಸಿ ಎಷ್ಟಗಲವೋ ಹೆಚ್ಚೂ ಕಡಿಮೆ ಅಷ್ಟು.

ಡ್ರೆಸ್ ಬೇರೆ, ಮೇಲೆ ಹೇಳಿದ ಮುಖ ಊದಿಕೊಳ್ಳುವ ಥರದ್ದು. ಅಲ್ಲಿ ಚರ್ಮಕ್ಕಿಂತ ಒಳಗಿನ ಅಂಗಗಳದ್ದೇ ಚಿಂತೆ, ಮುಖ್ಯವಾಗಿ ಲಿವರ್, ಕೆಲವೊಮ್ಮೆ ಕಿಡ್ನಿ, ಶ್ವಾಸಕೋಶ, ಹೃದಯ. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಕಣ ಏರಿರುತ್ತದೆ. ಮಾತ್ರೆ ನಿಲ್ಲಿಸಿದರೂ ವಾರಗಟ್ಟಲೆ ಎಳೆಯುತ್ತದೆ, ಇಳಿದಂತಾಗಿ ಮತ್ತೆ ಏಳುತ್ತದೆ. ಎಜೆಪ್ ಅಂತ ಇನ್ನೊಂದಿದೆ, ಕೆಂಪು ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಕೀವುಗುಳ್ಳೆಗಳು, ಆಂಟಿಬಯೋಟಿಕ್ ಶುರುವಾದ ಒಂದೆರಡು ದಿನದಲ್ಲೇ. ನೋಡಲು ಭಯ, ಆದರೆ ಇವುಗಳಲ್ಲೆಲ್ಲ ಬೇಗ ವಾಸಿಯಾಗುವುದು ಇದೇ.

## ಯಾವ ಮಾತ್ರೆ?

ಯಾವ್ಯಾವ ಮಾತ್ರೆಯಿಂದ ಜಾಸ್ತಿ ಆಗುತ್ತೆ? ಪಟ್ಟಿ ಕೊಡಿ, ಅವನ್ನೇ ಬಿಟ್ಟುಬಿಡ್ತೀವಿ.

ಬಿಡಲಿಕ್ಕಲ್ಲ, ಕಣ್ಣಿಡಲಿಕ್ಕೆ ಕೊಡುತ್ತೇನೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಲ್ಯಾಮೋಟ್ರಿಜಿನ್. ಇದರಲ್ಲಿ ಕಾರ್ಬಮಜೆಪಿನ್ ಮುಖದ ನರದ ನೋವಿಗೂ ಕೊಡುತ್ತಾರೆ, ಮಾನಸಿಕ ಕಾಯಿಲೆಗೂ ಕೊಡುತ್ತಾರೆ, ಹಾಗಾಗಿ 'ನಮಗೆ ಫಿಟ್ಸ್ ಇಲ್ಲವಲ್ಲ' ಅನ್ನಬೇಡಿ. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್. ಸಲ್ಫಾ ಗುಂಪಿನ ಆಂಟಿಬಯೋಟಿಕ್ ಕೋಟ್ರೈಮೋಕ್ಸಜೋಲ್. ಕೀಲುನೋವಿಗೆ ಸಲ್ಫಾಸಲಜಿನ್, ಪೈರಾಕ್ಸಿಕಾಮ್, ಮೆಲಾಕ್ಸಿಕಾಮ್. ಕುಷ್ಠರೋಗಕ್ಕೆ ಡ್ಯಾಪ್ಸೋನ್. ಎಚ್‌ಐವಿಗೆ ಕೊಡುತ್ತಿದ್ದ ನೆವಿರಪಿನ್.

ಇವೆಲ್ಲ ಬೇಕಾದ ಔಷಧಿಗಳೇ. ಸ್ಟೀವನ್ಸ್ ಜಾನ್ಸನ್ ಮತ್ತು ಟೆನ್ ಎರಡೂ ಸೇರಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುತ್ತವೆ. ಫಿಟ್ಸ್ ಮಾತ್ರೆಯನ್ನು ಹೆದರಿ ಬಿಟ್ಟರೆ ಬಾವಿ ಕಟ್ಟೆ ಮೇಲೋ ಒಲೆ ಮುಂದೆಯೋ ಫಿಟ್ಸ್ ಬರುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ ಜಾಸ್ತಿ ಬಂದಿದೆ. ನೋವೇನಿಲ್ಲ. ಮಾತ್ರೆ ತಗೊಳ್ಲಾ?

ರಿಪೋರ್ಟಲ್ಲಿ ಒಂದು ನಂಬರ್ ಕೆಂಪಕ್ಷರದಲ್ಲಿ ಬಂದಿದೆ ಅನ್ನೋದು ಅಲೋಪ್ಯೂರಿನಾಲ್ ಶುರು ಮಾಡಲು ಕಾರಣ ಅಲ್ಲ. ಕೀಲು ಊದಿಕೊಳ್ಳುವ ಗೌಟ್ ಇದ್ದವರಿಗೆ ಅದು ಒಳ್ಳೆಯ ಔಷಧಿ. ನೋವೂ ಇಲ್ಲ, ಊತವೂ ಇಲ್ಲ ಅಂದರೆ ಬಹುತೇಕ ಜನರಿಗೆ ಅದರ ಅಗತ್ಯವೇ ಇಲ್ಲ. ಪಕ್ಕದ ಮನೆಯವರ ಚೀಟಿ ತಂದು "ಇದೇ ಕೊಡಿ" ಅನ್ನುವವರಿಗೆ ನಾನು ಕೊಡೋದಿಲ್ಲ, ಕೋಪ ಮಾಡಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಡಾಕ್ಟರ್ ಹೇಳಿದರೆ ಕಡಿಮೆ ಡೋಸಿನಿಂದ, ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ದಾಟದಂತೆ ಶುರು ಮಾಡುತ್ತಾರೆ, ಕಿಡ್ನಿ ತೊಂದರೆ ಇದ್ದರೆ ಇನ್ನೂ ಕಡಿಮೆ. ಅಪಾಯ ಹೆಚ್ಚಿರುವುದು ಮೊದಲ ಎರಡು ಮೂರು ತಿಂಗಳು.

ಮೆಫ್ಟಾಲ್ ಡೇಂಜರ್ ಅಂತ ನ್ಯೂಸಲ್ಲಿ ಬಂತಲ್ಲ, ಮುಟ್ಟಿನ ಹೊಟ್ಟೆನೋವಿಗೆ ತಗೋಬಾರದಾ?

2023ರ ಕೊನೆಯಲ್ಲಿ ಔಷಧಿಗಳ ಗುಣಮಟ್ಟ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಒಂದು ಎಚ್ಚರಿಕೆ ಹೊರಡಿಸಿತು: ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಸಿಡ್‌ನಿಂದ ಡ್ರೆಸ್ ಬರಬಹುದು, ಗಮನಿಸಿ ಅಂತ. ನಿಷೇಧ ಅಲ್ಲ. ಟಿವಿಯವರು ಅದನ್ನು ಬ್ಯಾನ್ ಅನ್ನುವಂತೆ ಕೂಗಿದರು. ತಿಂಗಳಿಗೆ ಒಂದೆರಡು ದಿನ, ಡಾಕ್ಟರ್ ಹೇಳಿದಂತೆ ತಗೊಳ್ಳುವವರು ಗಾಬರಿಯಾಗಬೇಕಿಲ್ಲ. ತಗೊಂಡ ವಾರಗಳ ನಂತರ ಜ್ವರ, ಮುಖದ ಊತ, ದದ್ದು ಬಂದರೆ ಈ ಮಾತ್ರೆಯ ಹೆಸರನ್ನೂ ಹೇಳಿ.

ಭೇದಿ ನಿಲ್ಲೋ ಮಾತ್ರೆ ತಗೊಂಡಾಗಲೆಲ್ಲ ತುಟಿ ಮೇಲೆ ಅದೇ ಜಾಗದಲ್ಲಿ ಕಪ್ಪಾಗುತ್ತೆ. ಇದೂ ಅದೇನಾ?

ಇದು ಬೇರೆ, ನಮ್ಮ ಕಡೆ ಬಹಳ ಸಾಮಾನ್ಯ. ಅದೇ ಮಾತ್ರೆ, ಅದೇ ಜಾಗ, ದುಂಡನೆಯ ಕಲೆ, ಉರಿ, ಆಮೇಲೆ ತಿಂಗಳುಗಟ್ಟಲೆ ಕಪ್ಪು. ಟಿನಿಡಜೋಲ್, ಮೆಟ್ರೋನಿಡಜೋಲ್, ಸಿಪ್ರೋಫ್ಲಾಕ್ಸಾಸಿನ್, ನೋವಿನ ಮಾತ್ರೆಗಳು, ಸಲ್ಫಾ, ಇವುಗಳಿಂದ ಹೆಚ್ಚು. ಒಂದೇ ಕಲೆ ಇದ್ದರೆ ಜೀವಕ್ಕೆ ಅಪಾಯ ಇಲ್ಲ. ಆದರೆ ಪ್ರತಿ ಸಲ ನುಂಗಿದಾಗ ಕಲೆಗಳು ಹೆಚ್ಚುತ್ತಾ ಹೋಗಬಹುದು, ಕೆಲವರಿಗೆ ಮೈತುಂಬ ಗುಳ್ಳೆಯಾಗುವ ಮಟ್ಟಕ್ಕೂ ಹೋಗುತ್ತದೆ. ಆ ಮಾತ್ರೆಯ ಹೆಸರು ಹಿಡಿದು ನಿಮ್ಮ ಪಾಲಿಗೆ ಅದನ್ನು ಮುಗಿಸಿಬಿಡಿ.

ಇಂಜೆಕ್ಷನ್‌ಗೆ ಮುಂಚೆ ಟೆಸ್ಟ್ ಡೋಸ್ ಹಾಕ್ತಾರಲ್ಲ, ಅದರಲ್ಲಿ ಗೊತ್ತಾಗಲ್ವಾ?

ಗೊತ್ತಾಗೋದಿಲ್ಲ. ಆ ಪರೀಕ್ಷೆ ಇರುವುದು ತಕ್ಷಣ ಬರುವ ಅಲರ್ಜಿಗೆ. ವಾರಗಳ ನಂತರ ಬರುವ ಈ ಥರದ್ದನ್ನು ಅದು ಹಿಡಿಯೋದಿಲ್ಲ.

## ಆಸ್ಪತ್ರೆ

ಅನುಮಾನ ಬಂದ ತಕ್ಷಣ ನಾನೇ ಮಾತ್ರೆ ನಿಲ್ಲಿಸಬಹುದಾ? ಫಿಟ್ಸ್ ಮಾತ್ರೆ, ಟಿಬಿ ಮಾತ್ರೆ ಆದ್ರೆ?

ಮೇಲೆ ಹೇಳಿದ ಅಪಾಯದ ಗುರುತುಗಳಿದ್ದರೆ ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆಯಲ್ಲಿರಿ. ಕಾರಣವಾದ ಔಷಧಿಯನ್ನು ಎಷ್ಟು ಬೇಗ ನಿಲ್ಲಿಸುತ್ತಾರೋ ಬದುಕುವ ಸಾಧ್ಯತೆ ಅಷ್ಟು ಹೆಚ್ಚು, ಬೇರೆ ಯಾವ ಚಿಕಿತ್ಸೆಗಿಂತಲೂ ಇದು ಮುಖ್ಯ. ಆದರೆ ಫಿಟ್ಸ್ ಮಾತ್ರೆ ನಿಲ್ಲಿಸಿ ಮನೆಯಲ್ಲಿ ಮಲಗುವಂತಿಲ್ಲ. ಅವತ್ತೇ ಬದಲಿ ಔಷಧಿ ಬೇಕು, ಇಲ್ಲದಿದ್ದರೆ ನಿಲ್ಲದ ಫಿಟ್ಸ್ ಬರಬಹುದು. ಟಿಬಿ ಮಾತ್ರೆಯಲ್ಲಿ ಬರೀ ಕೆರೆತ ಅಂದರೆ ನಿಲ್ಲಿಸದೆ ಟಿಬಿ ಸಿಬ್ಬಂದಿಗೆ ಹೇಳಿ. ಜ್ವರ, ದದ್ದು, ಬಾಯಿ ಹುಣ್ಣು, ಕಣ್ಣು ಹಳದಿ ಅಂದರೆ ಆ ದಿನವೇ ಡಾಕ್ಟರ್.

ಆಸ್ಪತ್ರೆ ತಲುಪೋವರೆಗೆ ಮೈಗೆ ಏನ್ ಹಚ್ಚಲಿ? ಬಾಳೆಲೆ ಮೇಲೆ ಮಲಗಿಸಬೇಕಂತೆ, ನಿಜಾನಾ?

ಏನೂ ಹಚ್ಚಬೇಡಿ. ಅರಿಶಿನ ಬೇಡ, ಬೇವಿನ ರಸ ಬೇಡ, ಕೊಬ್ಬರಿ ಎಣ್ಣೆಯೂ ಬೇಡ. ಸುಟ್ಟಗಾಯದ ಬಿಳಿ ಕ್ರೀಮ್ ಅಂತೂ ಬೇಡವೇ ಬೇಡ, ಹೆಚ್ಚಿನವುಗಳಲ್ಲಿ ಸಿಲ್ವರ್ ಸಲ್ಫಡಯಜಿನ್ ಇರುತ್ತದೆ, ಅದೂ ಸಲ್ಫಾನೇ. ಗುಳ್ಳೆ ಒಡೆಯಬೇಡಿ, ಪ್ಲಾಸ್ಟರ್ ಅಂಟಿಸಬೇಡಿ, ತೋಳು ಹಿಡಿದು ಎಳೆದು ಎಬ್ಬಿಸಬೇಡಿ. ಒಗೆದ ಹಳೇ ಕಾಟನ್ ಸೀರೆ ಹೊದಿಸಿ. ನುಂಗಲು ಆದರೆ ಗುಟುಕು ಗುಟುಕಾಗಿ ನೀರು ಕೊಡಿ.

ಬಾಳೆಲೆ ಮಾತು ಸುಳ್ಳಲ್ಲ. ಸುಲಿದ ಚರ್ಮಕ್ಕೆ ಅಂಟದ ಕಾರಣ ನಮ್ಮ ದೇಶದ ಚರ್ಮರೋಗ ವಾರ್ಡುಗಳಲ್ಲಿ ಅದನ್ನು ಹಾಸಿಗೆ ಮೇಲೆ ಬಳಸುತ್ತಾರೆ. ಆದರೆ ಶುದ್ಧ ಮಾಡಿದ ಎಲೆ, ಅವರ ಕೈಯಲ್ಲಿ. ಗಿಡದಿಂದ ಕಿತ್ತದ್ದನ್ನು ಧೂಳಿನ ಸಮೇತ ಹಾಸಿದರೆ ಸೋಂಕು ಹತ್ತುತ್ತದೆ.

ಎಲ್ಲಿಗೆ ಕರ್ಕೊಂಡು ಹೋಗೋದು? ಪಾವಗಡ, ಬಾಗೇಪಲ್ಲಿ ಕಡೆಯವರು ಏನ್ ಮಾಡೋದು?

ಚರ್ಮದ ಡಾಕ್ಟರ್, ಕಣ್ಣಿನ ಡಾಕ್ಟರ್, ಐಸಿಯು, ಮೂರೂ ಒಂದೇ ಕಡೆ ಇರುವ ಜಾಗಕ್ಕೆ. ಅಂದರೆ ಮೆಡಿಕಲ್ ಕಾಲೇಜು ಆಸ್ಪತ್ರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಈಗ ಮೆಡಿಕಲ್ ಕಾಲೇಜುಗಳಿವೆ. ಚರ್ಮ ಬಹಳ ಸುಲಿದಿದ್ದರೆ ಅಲ್ಲಿಂದ ಬೆಂಗಳೂರಿಗೆ ಕಳಿಸಬಹುದು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡ್ ಇದೆ, ಹತ್ತಿರದಲ್ಲೇ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಪಾವಗಡದವರಿಗೆ ತುಮಕೂರಿಗಿಂತ ಆಂಧ್ರದ ಕಡೆ ಇಂಥ ಆಸ್ಪತ್ರೆ ಹತ್ತಿರ ಆದರೆ ಅಲ್ಲಿಗೇ ಹೋಗಿ, ಗಡಿ ನೋಡಬೇಡಿ. ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿದರೆ ಡ್ರಿಪ್ ಹಾಕಿ ಕಳಿಸುತ್ತಾರೆ, ಅದೂ ಒಳ್ಳೆಯದೇ. ಊರಲ್ಲೇ ಒಂದು ಇಂಜೆಕ್ಷನ್ ಹಾಕಿಸಿಕೊಂಡು ನೋಡೋಣ ಅನ್ನೋದು ಮಾತ್ರ ಬೇಡ.

ಉಳೀತಾರಾ? ಕಣ್ಣು ಹೋಗುತ್ತೆ ಅಂತಾರಲ್ಲ?

ಸ್ಟೀವನ್ಸ್ ಜಾನ್ಸನ್ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಾರೆ, ಸಾವು ಶೇಕಡ 10ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಟೆನ್ ಆದರೆ ಮೂವರಲ್ಲಿ ಒಬ್ಬರ ಹತ್ತಿರಕ್ಕೆ ಹೋಗುತ್ತದೆ. ವಯಸ್ಸು, ಶುಗರ್, ಕಿಡ್ನಿ, ಎಷ್ಟು ಚರ್ಮ ಹೋಗಿದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಚರ್ಮ ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ.

ಕಣ್ಣಿನ ವಿಷಯ ನಿಜ. ರೆಪ್ಪೆ ಗುಡ್ಡೆಗೆ ಅಂಟಿಕೊಳ್ಳುವುದು, ಕೂದಲು ಒಳಕ್ಕೆ ತಿರುಗಿ ಚುಚ್ಚುವುದು, ಕಣ್ಣೀರು ಒಣಗುವುದು, ಕೊನೆಗೆ ದೃಷ್ಟಿ ಮಂದವಾಗುವುದು. ಇದನ್ನು ತಪ್ಪಿಸಲು ಮೊದಲ ದಿನಗಳಲ್ಲೇ ಕಣ್ಣಿನ ಡಾಕ್ಟರ್ ನೋಡಬೇಕು. ವಾರ್ಡಲ್ಲಿ ಯಾರೂ ಹೇಳದಿದ್ದರೆ ನೀವೇ ಕೇಳಿ, 'ಕಣ್ಣಿನವರು ಬಂದು ನೋಡಿದರಾ' ಅಂತ. ಮನೆಗೆ ಬಂದ ಮೇಲೂ ಕಣ್ಣಿನ ತಪಾಸಣೆ ಬಿಡಬೇಡಿ. ಡ್ರೆಸ್ ಆದವರಿಗೆ ತಿಂಗಳುಗಳ ನಂತರ ಥೈರಾಯ್ಡ್ ಕೆಡಬಹುದು, ಅದರ ರಕ್ತಪರೀಕ್ಷೆಯೂ ಬೇಕು.

## ವಾಸಿಯಾದ ಮೇಲೆ

ಇನ್ಮೇಲೆ ಯಾವ ಮಾತ್ರೆ ನುಂಗೋದು? ಸ್ವಲ್ಪ ಸ್ವಲ್ಪ ಕೊಟ್ಟು ಪರೀಕ್ಷೆ ಮಾಡಬಹುದಾ?

ಖಂಡಿತ ಬೇಡ. ಎರಡನೇ ಸಲ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ಆ ಔಷಧಿ ಜೀವಮಾನಕ್ಕೆ ಮುಗಿಯಿತು. ಅದರ ಬಂಧುಗಳೂ ಮುಗಿದವು: ಫೆನಿಟಾಯಿನ್‌ನಿಂದ ಆಗಿದ್ದರೆ ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಆಕ್ಸ್‌ಕಾರ್ಬಜೆಪಿನ್ ಕೂಡ ಸಾಮಾನ್ಯವಾಗಿ ಕೊಡೋದಿಲ್ಲ, ಲೆವೆಟಿರಸೆಟಮ್‌ನಂಥ ಬೇರೆ ಗುಂಪಿನದ್ದು ಕೊಡುತ್ತಾರೆ.

ಒಂದು ತೊಡಕು ಇದೆ. ಒಂದೇ ಔಷಧಿ ಹತ್ತಾರು ಕಂಪನಿ ಹೆಸರಲ್ಲಿ ಸಿಗುತ್ತದೆ. ಎಪ್ಟಾಯಿನ್ ಅಂದರೂ ಡೈಲಾಂಟಿನ್ ಅಂದರೂ ಫೆನಿಟಾಯಿನ್ನೇ. ಹಾಗಾಗಿ ಕಂಪನಿ ಹೆಸರಲ್ಲ, ಒಳಗಿನ ಔಷಧಿಯ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಅದರ ಫೋಟೋ ಮನೆಯ ಎಲ್ಲರ ಫೋನಲ್ಲಿರಲಿ, ಒಂದು ಲ್ಯಾಮಿನೇಟ್ ಮಾಡಿಸಿ ಪರ್ಸಲ್ಲಿಡಿ. ಯಾವುದೇ ಅಂಗಡಿ, ಕ್ಲಿನಿಕ್‌ಗೆ ಹೋದರೂ ಮೊದಲು ಅದನ್ನು ತೋರಿಸಿ.

ಲ್ಯಾಮೋಟ್ರಿಜಿನ್ ಹತ್ತು ದಿನ ಬಿಟ್ಟುಹೋಗಿತ್ತು. ಮತ್ತೆ ಅದೇ ಡೋಸ್ ಶುರು ಮಾಡ್ಲಾ?

ಮಾಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಈ ಮಾತ್ರೆಯನ್ನು ವಾರಗಟ್ಟಲೆ ನಿಧಾನವಾಗಿ ಏರಿಸುವುದೇ ದದ್ದಿನ ಅಪಾಯ ತಗ್ಗಿಸಲು. ಅಷ್ಟು ದಿನ ಬಿಟ್ಟಿದ್ದರೆ ಮತ್ತೆ ಕೆಳಗಿನಿಂದಲೇ ಏರಿಸಬೇಕು. ಜೊತೆಗೆ ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಇದ್ದರೆ ಇನ್ನೂ ಕಡಿಮೆಯಿಂದ.

ಅಪ್ಪನಿಗೆ ಆಗಿತ್ತು. ನಮಗೂ ಆಗುತ್ತಾ? ಮೊದಲೇ ತಿಳಿಯೋ ರಕ್ತಪರೀಕ್ಷೆ ಇದೆಯಾ?

ಕೆಲವಕ್ಕೆ ಇದೆ. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್ ಜಾನ್ಸನ್ ಬಂದವರಲ್ಲಿ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಇರುವುದನ್ನು ಕಂಡರು. ಮರುವರ್ಷ ಅಲೋಪ್ಯೂರಿನಾಲ್‌ಗೆ 58:01 ಎಂಬ ಇನ್ನೊಂದು ರೂಪ ಸಿಕ್ಕಿತು. ಭಾರತೀಯರಲ್ಲೂ 15:02ರ ನಂಟು ಕಂಡಿದೆ. ದೊಡ್ಡ ಲ್ಯಾಬ್‌ಗಳಲ್ಲಿ ಪರೀಕ್ಷೆ ಮಾಡಿಸಬಹುದು, ಅಗ್ಗವಲ್ಲ. ಜೀನ್ ಇದ್ದವರಿಗೆಲ್ಲ ಕಾಯಿಲೆ ಬರೋದಿಲ್ಲ, ಇಲ್ಲದವರಿಗೆ ಬರೋದೇ ಇಲ್ಲ ಅಂತಲೂ ಅಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಆಗಿದ್ದರೆ ಅದೇ ಔಷಧಿ ಬರೆಯುವ ಮುಂಚೆ ಡಾಕ್ಟರಿಗೆ ಹೇಳಿ. ಬಹಳಷ್ಟು ಸಲ ಪರೀಕ್ಷೆಗಿಂತ ಬೇರೆ ಮಾತ್ರೆ ಬರೆಯುವುದೇ ಸುಲಭ.

ಇದನ್ನ ಯಾರಿಗಾದರೂ ತಿಳಿಸಬೇಕಾ? ಕೇಸ್ ಗೀಸ್ ಆಗುತ್ತಾ?

ಕೇಸ್ ಏನೂ ಆಗೋದಿಲ್ಲ. ಔಷಧಿಗಳ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ ಒಂದು ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ರೋಗಿ ಅಥವಾ ಮನೆಯವರು 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು, ಸಾಮಾನ್ಯ ಜನರಿಗಾಗಿ ಕನ್ನಡದ ಫಾರಂ ಕೂಡ ಇದೆ. ಮಾತ್ರೆಯ ಹೆಸರು, ಶುರು ಮಾಡಿದ ತಾರೀಕು, ನಿಲ್ಲಿಸಿದ ತಾರೀಕು, ಏನಾಯಿತು ಅನ್ನುವುದನ್ನು ಕೇಳುತ್ತಾರೆ. ರೋಗಿಯ ಗುರುತು ಗುಟ್ಟಾಗಿಡುತ್ತಾರೆ. ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರ್ ಇದ್ದರೆ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.